ಮೆಟ್ಟಿಲ ಮೇಲಿನ ಮೈಕು

ಮನೆಯಲ್ಲಿ ಮಾತಾಡಲು ಮೈಕಣ್ಣನಿಗೆ ಸರದಿ ಬರುತ್ತಿರಲಿಲ್ಲ. ಇದು ದೂರಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಅಷ್ಟೆ. ಅವನ ಹೆಂಡತಿ ಬಸ್ ಕಂಡಕ್ಟರ್. ಬೆಳಗಿನಿಂದ ಸಂಜೆವರೆಗೆ ಜನರನ್ನು ಒಳಗೆ ಸರಿಸಿ, ಇಳಿಯುವವರನ್ನು ಇಳಿಸಿ, ಬಾಗಿಲಲ್ಲಿ ಜೋತುಬಿದ್ದವರನ್ನು ಬೈದು ಪಳಗಿದ ಗಂಟಲು ಅದು. ಮನೆಯ ಹೊಸಿಲು ದಾಟಿದ ತಕ್ಷಣ ಸಣ್ಣದಾಗು ಅಂದರೆ ಎಲ್ಲಿಂದ ಆದೀತು? ಅವಳು ಅಡುಗೆಮನೆಯಲ್ಲಿ ಗುಟ್ಟು ಹೇಳಿದರೆ ಎದುರು ಮನೆಯವರು ಹೂಂಗುಟ್ಟುತ್ತಿದ್ದರು.

ಅವನದೋ ರೇಡಿಯೊ, ಮಿಕ್ಸರ್, ಫ್ಯಾನು ರಿಪೇರಿ ಮಾಡುವ ಚಿಕ್ಕ ಅಂಗಡಿ. ಕೆಟ್ಟ ಯಂತ್ರಗಳಿಗೆ ಮಾತಿನ ಹಂಗಿಲ್ಲವಾದ್ದರಿಂದ ಅಲ್ಲೂ ಅವನು ಬಾಯಿ ಬಿಡುತ್ತಿದ್ದುದು ಕಡಿಮೆ. ಆದರೆ ಹದಿನೈದು ದಿನಕ್ಕೊಮ್ಮೆ, ಊರಿನ ಫುಟ್‌ಬಾಲ್ ಕ್ಲಬ್ಬು ತನ್ನ ಮೈದಾನದಲ್ಲಿ ಆಡುವ ಮಧ್ಯಾಹ್ನ, ಅವನು ಬೇರೆಯೇ ಮನುಷ್ಯ. ಕುರ್ಚಿಗಳಿರುವ ಸ್ಟ್ಯಾಂಡಿನ ಮೇಲ್ಗಡೆ ಗೂಡಿನಂಥ ಒಂದು ಕೋಣೆ, ಅದರೊಳಗೆ ಒಂದು ಮೇಜು, ಒಂದು ಕುಂಟು ಕುರ್ಚಿ, ಒಂದು ಮೈಕು. 'ಹಲೋ, ಚೆಕ್' ಎಂದು ಎರಡು ಸಲ ಹೇಳಿ ಅವನು ಹನ್ನೊಂದು ಆಟಗಾರರ ಹೆಸರು ಓದುತ್ತಿದ್ದ. ಒಂದೊಂದು ಹೆಸರಿಗೂ ಎದುರಿನ ಮೆಟ್ಟಿಲುಗಳ ಮೇಲೆ ನಿಂತ ಮೂರು ಸಾವಿರ ಜನ ಅದೇ ಹೆಸರನ್ನು ಮರುಕೂಗುತ್ತಿದ್ದರು. ನಡುವೆ ಬಾಯಿ ಹಾಕುವವರು ಯಾರೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಇದು ನಡೆದು ಬಂದಿತ್ತು. ಆ ಮೈಕೊಂದು ಇಲ್ಲದಿದ್ದರೆ ತಾನು ಏನೂ ಅಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದ.

ಅವನಿಗೊಂದು ಚಟವಿತ್ತು. ಎದುರಿನ ಮೆಟ್ಟಿಲುಗಳ ಮೇಲಿನ ತಗಡಿನ ಮಾಡಿಗೆ ಇನ್ನೊಂದು ಮೈಕು ಕಟ್ಟಿ, ಪ್ರತಿ ಆಟದಲ್ಲೂ ಜನರ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಅಂಗಡಿಯಲ್ಲಿ ಒಬ್ಬನೇ ಕೂತು ಬೆಸುಗೆ ಹಾಕುವಾಗ ಅದನ್ನೇ ಹಾಕಿಕೊಂಡು ಕೇಳುತ್ತಿದ್ದ. ಬೇರೆಯವರಿಗೆ ಹಾಡು ಇದ್ದ ಹಾಗೆ ಇವನಿಗೆ ಆ ಗದ್ದಲ. ಹುಚ್ಚು ಅನ್ನಿ ಬೇಕಾದರೆ, ಯಾರಿಗೂ ತೊಂದರೆಯಿರಲಿಲ್ಲ.

ತೊಂದರೆ ಬಂದದ್ದು ಮಾಲೀಕರಿಂದ. ಹಾಸಿಗೆ ಕಾರ್ಖಾನೆಯವರು, ಇಬ್ಬರು. ಒಬ್ಬರು ಮಾವ, ಇನ್ನೊಬ್ಬ ಅವರ ಅಳಿಯ. ಊರಿನವರೂ ಅವರನ್ನು ಮಾವ, ಅಳಿಯ ಎಂದೇ ಕರೆಯುತ್ತಿದ್ದರು. ಕ್ಲಬ್ಬು ಕೊಂಡ ಮೂರನೇ ವರ್ಷ ಇವರಿಗೆ ಒಂದು ಯೋಚನೆ ಹೊಳೆಯಿತು. ಮೆಟ್ಟಿಲುಗಳನ್ನು ಒಡೆದುಹಾಕಿ, ಅಲ್ಲಿ ಗಾಜಿನ ಕೋಣೆಗಳನ್ನು ಕಟ್ಟಿ, ಒಳಗೆ ಮೆತ್ತನೆ ಸೋಫಾ ಹಾಕಿಬಿಡುವುದು. ನಿಂತು ನೋಡುವವರು ಎಲ್ಲಿಗೆ ಹೋಗಬೇಕು ಎಂದು ಯಾರೋ ಕೇಳಿದ್ದಕ್ಕೆ ಅಳಿಯ, ಮನೆಯಲ್ಲಿ ಟೀವಿ ಇಲ್ಲವೇ ಎಂದನಂತೆ. ಆ ಮೆಟ್ಟಿಲ ಮೇಲೆ ಅಪ್ಪನ ಹೆಗಲೇರಿ ಆಟ ನೋಡಿ ಬೆಳೆದವರು ಈಗ ತಮ್ಮ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದರು. ಅವರಿಗೆಲ್ಲ ಮೈ ಉರಿದುಹೋಯಿತು.

ಅಭಿಮಾನಿಗಳ ಸಂಘಕ್ಕೆ ಕಾರ್ಯದರ್ಶಿ ಯಾರು ಅಂದುಕೊಂಡಿರಿ? ಕಂಡಕ್ಟರಮ್ಮನೇ. ಏಳನೇ ಮೆಟ್ಟಿಲು, ಕಂಬದ ಪಕ್ಕ, ಮದುವೆಗೆ ಮುಂಚಿನಿಂದಲೂ ಅವಳು ನಿಲ್ಲುವ ಜಾಗ ಅದು. ಪಕ್ಕದಲ್ಲಿ ನಲ್ಲಿ ರಿಪೇರಿ ಮಾಡುವ ಅವಳ ತಮ್ಮ, ಮೈಕಣ್ಣನ ಭಾಮೈದ, ಹೆಗಲಿಗೆ ಡೋಲು ಹಾಕಿಕೊಂಡು. ಒಳ್ಳೆಯ ಹುಡುಗ, ಆದರೆ ಅವನು ಬಿಗಿ ಮಾಡಿದ ನಲ್ಲಿ ಸೋರದಿದ್ದರೂ ಅವನ ಬಾಯಿ ಸೋರುತ್ತಿತ್ತು.

ಮೊದಲ ಪ್ರತಿಭಟನೆ ಅವನದೇ ಉಪಾಯ. ಹಾಸಿಗೆಯವರಿಗೆ ಹಾಸಿಗೆಯಿಂದಲೇ ಬುದ್ಧಿ ಕಲಿಸೋಣ ಎಂದು ನೂರೈವತ್ತು ಜನ ಮನೆಮನೆಯಿಂದ ಹಾಸಿಗೆ ಹೊತ್ತು ತಂದು ಮೈದಾನದ ಗೇಟಿನ ಮುಂದೆ ಅಡ್ಡ ಮಲಗಿದರು. ಬಿಸಿಲು ಹಿತವಾಗಿತ್ತು. ಅರ್ಧ ಗಂಟೆಯಲ್ಲಿ ಅರ್ಧದಷ್ಟು ಜನ ನಿಜವಾಗಿಯೇ ನಿದ್ದೆ ಹೋದರು. ಅಳಿಯ ಮಾಳಿಗೆಯಿಂದ ಫೋಟೊ ಹೊಡೆಸಿಕೊಂಡ. ಮುಂದಿನ ವಾರ ಬಸ್ ನಿಲ್ದಾಣದ ಎದುರು ಆಳೆತ್ತರದ ಬೋರ್ಡು ಎದ್ದಿತು. 'ಬೀದಿಯಲ್ಲೂ ಸುಖನಿದ್ರೆ' ಎಂಬ ದಪ್ಪಕ್ಷರದ ಕೆಳಗೆ ಭಾಮೈದ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಕಂಡಕ್ಟರಮ್ಮ ದಿನಕ್ಕೆ ಎಂಟು ಸಲ ಆ ಬೋರ್ಡಿನ ಮುಂದೆ ಹಾದುಹೋಗಬೇಕಾಗಿತ್ತು. ಎಂಟು ಸಲವೂ ಹಲ್ಲು ಕಡಿಯುತ್ತಿದ್ದಳು.

ಅಷ್ಟರಲ್ಲಿ ಸುದ್ದಿ ಬಂತು. ಮೆಟ್ಟಿಲು ಒಡೆಯಲು ಲೀಗಿನ ಸಮಿತಿಯ ಒಪ್ಪಿಗೆ ಬೇಕಂತೆ, ಮುಂದಿನ ಆಟಕ್ಕೆ ಸಮಿತಿಯ ಮೂವರು ಬಂದು ಮೈದಾನ ನೋಡುತ್ತಾರಂತೆ. ಆ ಭಾನುವಾರ ಕಂಡಕ್ಟರಮ್ಮನ ಮನೆಯ ನಡುಮನೆಯಲ್ಲಿ ಸಂಘದ ಸಭೆ ಸೇರಿತು. ಘೋಷಣೆ ಕೂಗೋಣ, ಕಪ್ಪು ಬಾವುಟ ಹಿಡಿಯೋಣ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಅವಳು ಎಲ್ಲರನ್ನೂ ಸುಮ್ಮನಾಗಿಸಿ, ಸುಮ್ಮನಾಗುವುದೇ ಉಪಾಯ ಎಂದಳು. ತೊಂಬತ್ತು ನಿಮಿಷ ಮೆಟ್ಟಿಲ ಮೇಲೆ ಒಂದು ಉಸಿರೂ ಹೊರಡಬಾರದು. ಡೋಲಿಲ್ಲ, ಹಾಡಿಲ್ಲ, ಚಪ್ಪಾಳೆಯಿಲ್ಲ. ಮೆಟ್ಟಿಲು ಹೋದರೆ ಈ ಮೈದಾನ ಹೇಗಿರುತ್ತದೆ ಎಂದು ಸಮಿತಿಯವರು ಕಿವಿಯಾರೆ ಕೇಳಲಿ. ಸದ್ದು ಮಾಡಿದವರು ಯಾರೇ ಆಗಲಿ, ಒಂದು ವರ್ಷ ಮೆಟ್ಟಿಲು ಹತ್ತುವ ಹಾಗಿಲ್ಲ.

"ಅಕ್ಕಾ, ನಿನ್ನ ಕೈಲಾಗುತ್ತಾ?" ಎಂದು ಭಾಮೈದ ಕೇಳಿದ. ಎಲ್ಲರ ಮನಸ್ಸಿನಲ್ಲಿದ್ದುದೂ ಅದೇ ಪ್ರಶ್ನೆ.

ಅವಳಿಗೆ ರೋಷ ಬಂತು. ಮರುದಿನದಿಂದಲೇ ಅಭ್ಯಾಸ ಶುರುವಾಯಿತು. ಗಡಿಯಾರ ಎದುರಿಗಿಟ್ಟುಕೊಂಡು ತುಟಿ ಬಿಗಿದು ಕೂರುವಳು. ಮೊದಲ ದಿನ ನಾಲ್ಕು ನಿಮಿಷ, ನಾಲ್ಕನೇ ದಿನ ಹನ್ನೊಂದು. ಹನ್ನೊಂದನೇ ನಿಮಿಷಕ್ಕೆ ಹಾಲು ಉಕ್ಕಿತು, ಅವಳೂ ಉಕ್ಕಿದಳು. ಅಲ್ಲಿಂದ ಮುಂದೆ ಹೋಗಲಾಗಲಿಲ್ಲ.

ಈ ಗುಟ್ಟು ಮಾಲೀಕರಿಗೆ ಮುಟ್ಟಿದ್ದು ಹೇಗೆ ಎಂದು ಕೇಳಲೇಬೇಡಿ. ಮಾವನ ಮನೆಯ ನಲ್ಲಿ ಕೆಟ್ಟಿತ್ತು, ರಿಪೇರಿಗೆ ಹೋದವನು ಭಾಮೈದ. ಅಡುಗೆಯವನ ಹತ್ತಿರ ತನ್ನ ಅಕ್ಕನ ಬುದ್ಧಿಯನ್ನು ಹೊಗಳದೆ ಅವನಿಗೆ ಇರಲಾಗಲಿಲ್ಲ.

ಮಾರನೆಯ ದಿನವೇ ಅಳಿಯ ಮೈಕಣ್ಣನ ಅಂಗಡಿಗೆ ಬಂದ. ನಿಂತೇ ಮಾತಾಡಿದ. ಹಳೆಯ ಆಟಗಳ ಸದ್ದನ್ನೆಲ್ಲ ಹಿಡಿದಿಟ್ಟಿದ್ದೀರಂತಲ್ಲ, ಒಳ್ಳೆಯ ಗದ್ದಲವಿರುವ ಒಂದನ್ನು ಆರಿಸಿಡಿ, ನಾನು ಸನ್ನೆ ಮಾಡಿದಾಗ ಹದಿನಾರು ಸ್ಪೀಕರಿನಲ್ಲೂ ಹಾಕಿ, ಸಮಿತಿಯವರಿಗೆ ಮೌನ ಕೇಳಿಸಬಾರದು ಎಂದ. ಮೈಕಣ್ಣ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ನೋಡುತ್ತ ಕೂತ. ಅಳಿಯ ಹೊರಡುವಾಗ, ಕಾರ್ಖಾನೆಯಲ್ಲಿ ಮೈಕು ಹಿಡಿಯುವ ತನ್ನ ಚಿಕ್ಕಪ್ಪನ ಮಗ ಬಹಳ ದಿನದಿಂದ ಈ ಕೆಲಸ ಕೇಳುತ್ತಿದ್ದಾನೆ ಎಂದು ಸುಮ್ಮನೆ ನೆನಪಿಸಿದಂತೆ ಹೇಳಿದ.

ಹಾಕಿದರೆ ಹೆಂಡತಿಗೆ ದ್ರೋಹ, ಹಾಕದಿದ್ದರೆ ಮೈಕು ಹೋಯಿತು. ಮೈಕಣ್ಣ ಎರಡು ದಿನ ಹಿಂದೆಮುಂದೆ ನೋಡಿದ. ಕೊನೆಗೆ ಹೇಡಿಗಳೆಲ್ಲ ಹೇಳಿಕೊಳ್ಳುವ ಸಮಾಧಾನವನ್ನೇ ಹೇಳಿಕೊಂಡ. ಸದ್ದು ಅಂದರೆ ಬರೀ ಸದ್ದು, ಅದರಲ್ಲಿ ಯಾರ ಹೆಸರು ಬರೆದಿರುತ್ತದೆ? ಹೋದ ವರ್ಷ ನಾಲ್ಕು ಗೋಲು ಹೊಡೆದು ಗೆದ್ದ ಒಂದು ಆಟದ ರೆಕಾರ್ಡಿಂಗು ತೆಗೆದು, ಗೋಲುಗಳ ಜಾಗ ಮಾತ್ರ ಕೇಳಿ ನೋಡಿದ. ತುಂಬು ಗದ್ದಲ, ಎಲ್ಲೂ ಏನೂ ಕೊಂಕಿಲ್ಲ ಅನ್ನಿಸಿತು.

ಆಟದ ದಿನ ಬೆಳಗ್ಗೆ ಹೆಂಡತಿ ಅವನ ಅಂಗಿಯ ಕಾಲರು ಸರಿಮಾಡುತ್ತ, "ನೀವೇನೂ ಮಾಡ್ಬೇಡ್ರೀ. ಯಾವಾಗಿನ ಹಾಗೆ ಸುಮ್ನಿರಿ, ಸಾಕು," ಎಂದಳು. ಅವನು ಅವಳ ಮುಖ ನೋಡದೆ ಹೊರಟ.

ಆಟ ಶುರುವಾಯಿತು. ಅವನು ಹೆಸರುಗಳನ್ನು ಓದಿದ, ಮರುಕೂಗು ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತನ್ನ ದನಿ ಎದುರಿನ ತಗಡಿಗೆ ಬಡಿದು ಹಿಂದಿರುಗಿದ್ದನ್ನು ಅವನು ಕೇಳಿದ. ಆಮೇಲೆ ಇಡೀ ಮೈದಾನದಲ್ಲಿ ಚೆಂಡಿಗೆ ಬೂಟು ತಾಗುವ ಸದ್ದು, ಕೋಚಿನ ಕೆಮ್ಮು, ಎಲ್ಲೋ ಹೊರಗೆ ಯಾರೋ ಸೈಕಲ್ ಬೆಲ್ಲು ಬಾರಿಸಿದ ಸದ್ದು. ಆಟಗಾರರೇ ಬೆದರಿ ಪಿಸುಗುಟ್ಟತೊಡಗಿದರು. ಮೂರು ಸಾವಿರ ಜನ ಮೆಟ್ಟಿಲ ಮೇಲೆ ಕಲ್ಲಿನ ಹಾಗೆ ನಿಂತಿದ್ದರು. ಏಳನೇ ಮೆಟ್ಟಿಲಲ್ಲಿ ಕಂಡಕ್ಟರಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಳು. ಹನ್ನೊಂದನೇ ನಿಮಿಷ ದಾಟಿತು. ಅವಳು ಅಲುಗಲಿಲ್ಲ. ಮೇಲಿನ ಗೂಡಿನಿಂದ ನೋಡುತ್ತಿದ್ದ ಗಂಡನಿಗೆ ಹೆಮ್ಮೆಯಿಂದ ಕಣ್ಣು ಮಂಜಾಯಿತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು.

ಕೆಳಗೆ ಮುಂದಿನ ಸಾಲಿನಲ್ಲಿ ಸಮಿತಿಯವರು ಕೂತಿದ್ದರು. ನಡುವಿನವರು ಹಿರಿಯರು, ಮೂವತ್ತು ವರ್ಷ ರೆಫರಿಯಾಗಿದ್ದವರು. ಅವರು ಅತ್ತಿತ್ತ ನೋಡಿ, ಇದೇನು ಯಾರಾದರೂ ಸತ್ತಿದ್ದಾರೆಯೇ ಎಂದು ಮಾವನನ್ನು ಕೇಳಿದರು. ಮಾವ ಬೆವರು ಒರೆಸಿಕೊಂಡರು. ಅಳಿಯ ತಲೆಯೆತ್ತಿ ಮೈಕಣ್ಣನಿಗೆ ಸನ್ನೆ ಮಾಡಿದ. ಮೊದಲ ಸಲ ಮೈಕಣ್ಣ ಕಾಣದವನ ಹಾಗೆ ಕೂತ. ಎರಡನೇ ಸಲ ಅಳಿಯ ತನ್ನ ಗಂಟಲ ಮೇಲೆ ಅಡ್ಡ ಬೆರಳೆಳೆದು ತೋರಿಸಿದ. ಮೈಕಣ್ಣ ಕಣ್ಣು ಮುಚ್ಚಿ ಗುಂಡಿ ಒತ್ತಿದ.

ಹದಿನಾರು ಸ್ಪೀಕರುಗಳು ಒಮ್ಮೆಲೇ ಭೋರ್ಗರೆದವು. ಡೋಲು, ಚಪ್ಪಾಳೆ, ಕೇಕೆ. ಆ ಗದ್ದಲದ ನೆತ್ತಿಯ ಮೇಲೆ ಕೂತು ಒಂದು ಹೆಂಗಸಿನ ದನಿ ಇಡೀ ಮೈದಾನವನ್ನು ಆಳತೊಡಗಿತು.

"ಒಳಗೆ ಸರೀರಿ, ಒಳಗೆ ಸರೀರಿ, ಹಿಂದೆ ಜಾಗ ಖಾಲಿ ಇದೆ. ಛತ್ರಿ ಮಡಚ್ರೀ ನೀವು. ಇಲ್ಲೇನು ಸೂರ್ಯ ನಿಮಗೊಬ್ರಿಗೇ ಹುಟ್ಟಿದಾನಾ?"

ಮೂರು ಸಾವಿರ ತಲೆಗಳು ಒಟ್ಟಿಗೆ ಏಳನೇ ಮೆಟ್ಟಿಲಿನತ್ತ ತಿರುಗಿದವು. ಕಂಡಕ್ಟರಮ್ಮ ಬಾಯಿ ಮುಚ್ಚಿಯೇ ನಿಂತಿದ್ದಳು. ತುಟಿಯ ಮೇಲಿನ ಬೆರಳು ಹಾಗೆಯೇ ಇತ್ತು. ಕಣ್ಣುಗಳು ಮಾತ್ರ ದೊಡ್ಡದಾಗಿದ್ದವು.

ಮೈಕಣ್ಣನಿಗೆ ಜನ ಯಾಕೆ ತಿರುಗಿದರು ಎಂದೇ ತಕ್ಷಣ ತಿಳಿಯಲಿಲ್ಲ. ಇದು ಆ ಮನುಷ್ಯನೊಬ್ಬನೇ ಮಾಡಬಹುದಾದ ತಪ್ಪು. ಇಪ್ಪತ್ತೆರಡು ವರ್ಷದ ಕೆಳಗೆ ಮಾಡಿಗೆ ಮೈಕು ಕಟ್ಟುವಾಗ ಅವನು ಅದನ್ನು ಸರಿಯಾಗಿ ಏಳನೇ ಮೆಟ್ಟಿಲ ಮೇಲೆ, ಆ ಕಂಬದ ತಲೆಗೇ ಕಟ್ಟಿದ್ದ. ಅಲ್ಲಿಂದಾಚೆ ಅವನು ಹಿಡಿದ ಒಂದೊಂದು ಆಟದಲ್ಲೂ ಅವಳ ದನಿ ಹತ್ತಿರ, ಮಿಕ್ಕವರದೆಲ್ಲ ದೂರ. ಕೇಳಿ ಕೇಳಿ ಅವನ ಕಿವಿಗೆ ಜನರ ಸದ್ದು ಅಂದರೆ ಅದೇ ಆಗಿಹೋಗಿತ್ತು. ಅದು ತನ್ನ ಹೆಂಡತಿಯ ದನಿ ಎಂದು ಬೇರೆ ಮಾಡಿ ಕೇಳುವುದನ್ನೇ ಅವನು ಮರೆತಿದ್ದ.

ಸ್ಪೀಕರು ನಿಲ್ಲಲಿಲ್ಲ. "ಏನಯ್ಯಾ ರೆಫರಿ, ಕಣ್ಣು ಮನೇಲಿಟ್ಟು ಬಂದ್ಯಾ? ಹೋಗಿ ತಗೊಂಡ್ ಬಾ, ನಾವು ಕಾಯ್ತೀವಿ."

ಮೈದಾನದೊಳಗಿನ ಇವತ್ತಿನ ರೆಫರಿ ಪಾಪ, ಏನೂ ತಪ್ಪು ಮಾಡಿರಲಿಲ್ಲ. ಗಾಬರಿಯಾಗಿ ಸೀಟಿ ಊದಿಬಿಟ್ಟ. ಮೆಟ್ಟಿಲ ಮೇಲೆ ಜನ ನಗು ತಡೆಯಲಾರದೆ ಒದ್ದಾಡಿದರು. ನಕ್ಕರೆ ಒಂದು ವರ್ಷ ಹೊರಗೆ. ಒಬ್ಬರು ಟೋಪಿ ಕಚ್ಚಿಕೊಂಡರು, ಒಬ್ಬರು ಪಕ್ಕದವರ ಹೆಗಲು ಕಚ್ಚಿಕೊಂಡರು, ಭಾಮೈದ ಡೋಲಿನೊಳಗೆ ಮುಖ ಹುದುಗಿಸಲು ನೋಡಿದ. ಮುಂದಿನ ಸಾಲಿನಲ್ಲಿ ಹಿರಿಯ ರೆಫರಿ ಮಾತ್ರ ಕಿವಿಗೆ ಕೈ ಕೊಟ್ಟು, ಈ ಗಂಟಲು ತನಗೆ ಚೆನ್ನಾಗಿ ಗೊತ್ತು, ಹಿಂದೊಮ್ಮೆ ತನ್ನ ಕನ್ನಡಕದ ವಿಚಾರ ಬಹಳ ವಿಚಾರಿಸಿಕೊಂಡಿತ್ತು ಎಂದರು.

ಆಗ ಗದ್ದಲ ಇಳಿಯಿತು. ಹೋದ ವರ್ಷದ ಆ ಆಟದಲ್ಲಿ ಒಬ್ಬ ಹುಡುಗ ಕಾಲು ಮುರಿದುಕೊಂಡು ಬಿದ್ದಿದ್ದ, ಮೆಟ್ಟಿಲ ಮೇಲಿನವರೆಲ್ಲ ಮರುಕದಿಂದ ಸುಮ್ಮನಾಗಿದ್ದರು. ಕೇಕೆಯಿಲ್ಲದ ಜಾಗವೆಂದು ಮೈಕಣ್ಣ ಅದನ್ನು ಯಾವತ್ತೂ ಕೇಳಿರಲಿಲ್ಲ. ದೂರದಲ್ಲಿ ಅವನದೇ ದನಿ, ಡಾಕ್ಟರು ಯಾರಾದರೂ ಇದ್ದರೆ ದಯವಿಟ್ಟು ಕೆಳಗೆ ಬನ್ನಿ ಎಂದು ಕರೆಯುತ್ತಿತ್ತು. ಅದು ಮುಗಿದದ್ದೇ ಕಂಡಕ್ಟರಮ್ಮ ತಮ್ಮನ ಕಿವಿಯಲ್ಲಿ ಪಿಸುಗುಟ್ಟಿದ್ದು ಹದಿನಾರು ಸ್ಪೀಕರಿನಲ್ಲೂ ಬಂತು.

"ನಿಮ್ಮ ಭಾವಂದು ದನಿ ಹೇಗಿದೆ ನೋಡೋ. ಮನೇಲಿ ಬಾಯೇ ಬಿಡಲ್ಲ. ನಾನು ಇಲ್ಲಿಗೆ ಆಟ ನೋಡೋಕೆ ಬರ್ತೀನಿ ಅಂದ್ಕೊಂಡಿದೀಯಾ? ಅವರು ಆ ಹನ್ನೊಂದು ಹೆಸರು ಹೇಳ್ತಾರಲ್ಲ, ಅದು ಕೇಳೋಕೆ ಕಣೋ ಬರೋದು. ಯಾರಿಗೂ ಹೇಳ್ಬೇಡ."

ಮೈದಾನದಲ್ಲಿ ಚೆಂಡು ಕೂಡ ನಿಂತುಬಿಟ್ಟಿತು. ಆಶ್ಚರ್ಯದ ಮಾತೆಂದರೆ, ಭಾಮೈದ ಇದೊಂದನ್ನು ಮಾತ್ರ ನಿಜವಾಗಿಯೂ ಯಾರಿಗೂ ಹೇಳಿರಲಿಲ್ಲ. ಕಂಡಕ್ಟರಮ್ಮನ ಮುಖ ಕೆಂಡದಂತಾಯಿತು. ಆದರೂ ಬಾಯಿ ತೆರೆಯಲಿಲ್ಲ. ಮೈಕಣ್ಣ ಗುಂಡಿ ಒತ್ತಿ ರೆಕಾರ್ಡಿಂಗು ನಿಲ್ಲಿಸಿದ.

ಗೂಡಿನಿಂದ ಇಳಿದು ಓಡಿಹೋಗೋಣವೆಂದು ಎದ್ದರೆ ಬಾಗಿಲಲ್ಲಿ ಹಿರಿಯ ರೆಫರಿ ಏದುಸಿರು ಬಿಡುತ್ತ ನಿಂತಿದ್ದರು. ಅವರ ಹಿಂದೆ ಮಾವ, ಅಳಿಯ. ಈ ಸದ್ದನ್ನು ಮೈದಾನದ ಯಾವ ಕಡೆಯಿಂದ ಹಿಡಿದದ್ದು ಎಂದು ಹಿರಿಯ ರೆಫರಿ ಕೇಳಿದರು. ಅಳಿಯ ಮುಂದೆ ನುಗ್ಗಿ, ನಾಲ್ಕೂ ಕಡೆಯಿಂದ ಸಾರ್, ನಮ್ಮಲ್ಲಿ ಎಲ್ಲ ಕಡೆಯೂ ಹೀಗೇ ಸದ್ದು, ಮೆಟ್ಟಿಲಿದ್ದರೂ ಇಲ್ಲದಿದ್ದರೂ ಒಂದೇ ಎಂದ. ಎಂದು, ಮೈಕಣ್ಣನ ಕಡೆ ಒಂದು ನೋಟ ಬಿಟ್ಟ.

ಹೂಂ ಅಂದಿದ್ದರೆ ಮುಗಿಯುತ್ತಿತ್ತು, ಮೈಕು ಉಳಿಯುತ್ತಿತ್ತು. ಮೈಕಣ್ಣ ಮೇಜಿನ ಮೇಲಿದ್ದ ಅದನ್ನು ನೋಡಿದ. ಇಪ್ಪತ್ತೆರಡು ವರ್ಷದ ಉಸಿರಿನಿಂದ ಅದರ ಜಾಲರಿ ಕಪ್ಪಾಗಿತ್ತು. ಆಮೇಲೆ ಗಾಜಿನಾಚೆ ಏಳನೇ ಮೆಟ್ಟಿಲನ್ನು ನೋಡಿದ.

"ಇಲ್ಲ ಸಾರ್," ಎಂದ. "ಇರೋದು ಒಂದೇ ಮೈಕು. ಆ ಮೆಟ್ಟಿಲ ಮೇಲೆ. ಈ ಕುರ್ಚಿಗಳ ಕಡೆಗೂ ಒಂದ್ಸಲ ಕಟ್ಟಿ ನೋಡಿದ್ದೆ. ಆಕಳಿಕೆ ಬಿಟ್ಟು ಏನೂ ಸಿಗ್ಲಿಲ್ಲ."

ಹಿರಿಯ ರೆಫರಿ ತಲೆಯಾಡಿಸಿ ಕೆಳಗಿಳಿದರು. ಅಳಿಯ ಆ ಕ್ಷಣವೇ ಅವನ ಕೈಯಿಂದ ಕೋಣೆಯ ಬೀಗದ ಕೈ ಕಿತ್ತುಕೊಂಡ. ಎಂಬತ್ತನೇ ನಿಮಿಷಕ್ಕೆ ನಮ್ಮವರು ಗೋಲು ಹೊಡೆದರು. ಹೊಡೆದ ಹುಡುಗ ಕೈಯೆತ್ತಿಕೊಂಡು ಮೆಟ್ಟಿಲ ಕಡೆ ಓಡಿಬಂದರೆ ಮೂರು ಸಾವಿರ ಜನ ಕಣ್ಣಲ್ಲಿ ನೀರು ತುಂಬಿಕೊಂಡು, ಒಬ್ಬರ ಬಾಯಿಗೆ ಒಬ್ಬರು ಕೈ ಅಡ್ಡ ಹಿಡಿದು ನಿಂತಿದ್ದರು. ಬಲೆ ಅಲುಗಿದ ಸದ್ದು ಎಲ್ಲರಿಗೂ ಕೇಳಿಸಿತು. ಕೊನೆಯ ಸೀಟಿಯವರೆಗೆ ಒಬ್ಬರೂ ಉಸಿರೆತ್ತಲಿಲ್ಲ.

ಮನೆಯ ದಾರಿಯಲ್ಲಿ ಗಂಡಹೆಂಡತಿ ಇಬ್ಬರೇ ನಡೆದರು. ಅವಳು ಮಾತಾಡಲಿಲ್ಲ. ಪ್ರತಿಭಟನೆ ಮುಗಿದು ಅರ್ಧ ಗಂಟೆಯಾಗಿತ್ತು, ಇನ್ನು ಬಾಯಿ ಬಿಡಲು ಅಡ್ಡಿಯಿರಲಿಲ್ಲ. ಅವನಿಗೆ ಜೀವ ಬಾಯಿಗೆ ಬಂದಿತ್ತು. ಅಳಿಯ ಅಂಗಡಿಗೆ ಬಂದದ್ದರಿಂದ ಹಿಡಿದು ಗುಂಡಿ ಒತ್ತಿದ್ದರವರೆಗೆ ಎಲ್ಲವನ್ನೂ ತಾನಾಗಿಯೇ ಹೇಳಿ, ತಪ್ಪಾಯಿತು ಎಂದ. ಅವಳು ಕೇಳಿಸಿಕೊಂಡಳು. ತಮ್ಮ ಗೊರಕೆ ಹೊಡೆಯುತ್ತಿದ್ದ ಬೋರ್ಡಿನ ಹತ್ತಿರ ಬಂದಾಗ ನಿಂತಳು.

"ಆ ಮೈಕು ನನ್ನ ತಲೆ ಮೇಲೆ ಯಾವಾಗ ಕಟ್ಟಿದ್ದು?"

"ಇಪ್ಪತ್ತೆರಡು ವರ್ಷ ಆಯ್ತು."

"ನಮ್ಮ ಮದುವೆ ಆಗಿದ್ದು ಇಪ್ಪತ್ತು ವರ್ಷದ ಹಿಂದೆ ಅಲ್ವೇನ್ರೀ?"

ಅವನು ನೆಲ ನೋಡಿದ. "ಆಗ ನಿನ್ನ ಹೆಸರು ಗೊತ್ತಿರ್ಲಿಲ್ಲ," ಎಂದ. "ದನಿ ಗೊತ್ತಿತ್ತು."

ಮನೆ ತಲುಪುವವರೆಗೂ ಅವಳು ಅವನ ಅಂಗಿಯ ತೋಳು ಹಿಡಿದುಕೊಂಡು ನಡೆದಳು.

ಹತ್ತು ದಿನಕ್ಕೆ ಸಮಿತಿಯ ಕಾಗದ ಬಂತು. ಮೆಟ್ಟಿಲು ಒಡೆಯುವಂತಿಲ್ಲ, ಸೋಫಾಗಳನ್ನು ಮಾಲೀಕರು ತಮ್ಮ ಕಾರ್ಖಾನೆಯಲ್ಲೇ ಹಾಕಿಕೊಳ್ಳಬಹುದು ಎಂಬ ಅರ್ಥದ ಒಂದು ಸಾಲನ್ನು ಹಿರಿಯ ರೆಫರಿ ಬಹಳ ಮರ್ಯಾದೆಯ ಮಾತಿನಲ್ಲಿ ಬರೆದಿದ್ದರು.

ಮುಂದಿನ ಆಟಕ್ಕೆ ಮೈಕಣ್ಣ ಮೊದಲ ಸಲ ಮೆಟ್ಟಿಲ ಮೇಲೆ ನಿಂತ, ಏಳನೆಯದರಲ್ಲಿ, ಹೆಂಡತಿಯ ಪಕ್ಕ. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ. ಎದುರಿನ ಗೂಡಿನಿಂದ ಚಿಕ್ಕಪ್ಪನ ಮಗ ಹಾಸಿಗೆಯ ಅಳತೆ ಓದುವವನ ಹಾಗೆ ಹೆಸರು ಓದತೊಡಗಿದ. ಮೊದಲ ಹೆಸರನ್ನೇ ಎದುರಾಳಿ ತಂಡದಿಂದ ಎತ್ತಿಕೊಂಡಿದ್ದ. ಮೆಟ್ಟಿಲ ಮೇಲೆ ಗೊಂದಲವೆದ್ದಿತು. ಕಳೆದುಕೊಂಡದ್ದು ಎಷ್ಟು ದೊಡ್ಡದು ಎಂದು ಆಗಲೇ ಮೈಕಣ್ಣನಿಗೆ ಪೂರ್ತಿ ಗೊತ್ತಾದದ್ದು.

ಕಂಡಕ್ಟರಮ್ಮ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು. "ನೀವು ಹೇಳಿ," ಎಂದಳು. "ನಾನು ಕೂಗ್ತೀನಿ."

ಅವನು ಅವಳ ಕಿವಿಯ ಹತ್ತಿರ ಬಾಗಿ, ಅಭ್ಯಾಸಬಲದಿಂದ ಹಲೋ ಚೆಕ್ ಎಂದ. ಅವಳು ಅದನ್ನೂ ಕೂಗಿದಳು. ಎದುರಿನ ಸ್ಪೀಕರು ಬಾಯಿ ಮುಚ್ಚಿಕೊಂಡಿತು. ಅವನು ಗೋಲ್‌ಕೀಪರಿನ ಹೆಸರು ಹೇಳಿದ, ಅವಳು ಕೂಗಿದಳು, ಮೂರು ಸಾವಿರ ಜನ ಮರುಕೂಗಿದರು. ಎರಡನೆಯದು, ಮೂರನೆಯದು. ಅವನು ಮೆಲ್ಲಗೆ ಹೇಳುವುದು, ಅವಳು ಆಕಾಶಕ್ಕೆ ಕೇಳಿಸುವುದು. ಭಾಮೈದನ ಡೋಲು ಹೆಸರಿಗೊಂದು ಪೆಟ್ಟು ಹಾಕಿತು. ಹನ್ನೊಂದನೆಯದು ಮುಗಿಯುವ ಹೊತ್ತಿಗೆ ಮೈಕಣ್ಣನ ಕಣ್ಣಲ್ಲಿ ಹಿಂದೆಂದೂ ಕಾಣದ ಒಂದು ಕಿಡಿಗೇಡಿತನ ಬಂದಿತ್ತು. ಅವನು ನಿಲ್ಲಿಸಲಿಲ್ಲ. ಅದೇ ಗಂಭೀರ ದನಿಯಲ್ಲಿ ಹನ್ನೆರಡನೆಯ ಹೆಸರನ್ನೂ ಹೇಳಿಬಿಟ್ಟ, ಅವಳದೇ ಹೆಸರನ್ನು.

ಕೂಗುವ ಭರದಲ್ಲಿದ್ದವಳು ಹಿಂದೆಮುಂದೆ ನೋಡದೆ ಅದನ್ನೂ ಗಂಟಲು ಹರಿಯುವಂತೆ ಕೂಗಿದಳು. ಮೂರು ಸಾವಿರ ಜನ ಮರುಕೂಗಿದರು. ತಗಡಿನ ಮಾಡು ಗಡಗಡ ನಡುಗಿತು. ಆಗ ಅವಳಿಗೆ ಅರಿವಾಯಿತು.

ಅವನ ಬೆನ್ನಿಗೊಂದು ಗುದ್ದು ಬಿತ್ತು.

"ಸ್ವಲ್ಪ ಬಾಯಿ ಮುಚ್ಕೊಂಡಿರೋಕೆ ಆಗಲ್ವೇನ್ರೀ ನಿಮಗೆ?"